ಕಾಯಿಲೆ ಗೊತ್ತಾದ ದಿನ: ಮಾಗಡಿ ರಸ್ತೆ, ರಾಜಾಜಿನಗರ ಮತ್ತು ನಮ್ಮ ಹಕ್ಕು



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಅಷ್ಟು ಟೈಮ್ ಇಲ್ಲ ಅನ್ನೋರು ಕೊನೆಯಲ್ಲಿರೋ ಬೇಡಿಕೆಗಳನ್ನಾದ್ರೂ ಓದಿ, ನಾಲ್ಕು ಜನಕ್ಕೆ ಕಳಿಸಿ.

ಶುಗರ್, ಕಿಡ್ನಿ, ಟಿಬಿ, ಕ್ಯಾನ್ಸರ್, ಎಚ್‌ಐವಿ, ಕುಷ್ಠ. ಎಲ್ಲ ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಮಾತ್ರೆ. ಆದ್ರೆ ಒಂದು ದಿನ ಮಾತ್ರ ಎಲ್ಲಕ್ಕೂ ಒಂದೇ ಥರ ಇರುತ್ತೆ. ಅದು ರಿಪೋರ್ಟ್ ಕೈಗೆ ಬಂದ ದಿನ. ಡಾಕ್ಟರು ಎರಡು ನಿಮಿಷದಲ್ಲಿ ಹೇಳಿ ಮುಗಿಸ್ತಾರೆ. ಕೇಳಿಸ್ಕೊಂಡೋರಿಗೆ ಅದು ಎರಡು ವರ್ಷ ಆದ್ರೂ ಮುಗಿಯಲ್ಲ. ನಾಳೆ ಕೆಲಸಕ್ಕೆ ಹೋಗಬಹುದಾ? ಮನೇಲಿ ಹೇಳೋದಾ, ಬೇಡ್ವಾ? ಗೊತ್ತಾದ್ರೆ ತಟ್ಟೆ ಲೋಟ ಬೇರೆ ಇಡ್ತಾರಾ? ಮಗಳ ಮದುವೆ ಮಾತುಕತೆ ಏನಾಗುತ್ತೆ? ಬಾಡಿಗೆ ಮನೆ ಓನರ್‌ಗೆ ಗೊತ್ತಾದ್ರೆ? ಈ ಪ್ರಶ್ನೆಗಳಿಗೆ ಉತ್ತರ ಮಾತ್ರೆ ಚೀಟಿಯಲ್ಲಿ ಇರಲ್ಲ.

ಆ ದಿನ ಪಕ್ಕದಲ್ಲಿ ಕೂತು ಈ ಪ್ರಶ್ನೆಗಳಿಗೆ ಉತ್ತರ ಹುಡುಕೋ ಕೆಲಸಕ್ಕೆ ಈಗ 'ಮನೋಸಾಮಾಜಿಕ ಬೆಂಬಲ' ಅಂತ ಹೆಸರಿಟ್ಟಿದ್ದಾರೆ. ಆಸ್ಪತ್ರೆಗಳಲ್ಲಿ 'ಆಪ್ತ ಸಮಾಲೋಚನೆ' ಅನ್ನೋ ಬೋರ್ಡು ಕೂಡ ಅಲ್ಲಲ್ಲಿ ಕಾಣುತ್ತೆ. ನಮ್ಮ ಬಹಳಷ್ಟು ಜನ ಇದೇನೋ ದುಡ್ಡಿದ್ದೋರ ವ್ಯವಹಾರ, ಎಸಿ ರೂಮಿನ ಮಾತು ಅಂದ್ಕೊಂಡಿದ್ದಾರೆ. ಅಲ್ಲ. ಇದರ ಚರಿತ್ರೆ ನಮ್ಮ ಪಶ್ಚಿಮ ಬೆಂಗಳೂರಿನ ರಸ್ತೆಗಳಲ್ಲೇ ಇದೆ. ಆ ಚರಿತ್ರೆ ಹೇಳೋದು ಒಂದೇ ಮಾತು: ರೋಗವನ್ನ ಔಷಧಿ ವಾಸಿ ಮಾಡುತ್ತೆ, ಆದ್ರೆ ಮನುಷ್ಯನನ್ನ ಊರೊಳಗೆ ಉಳಿಸೋಕೆ ಔಷಧಿ ಸಾಲಲ್ಲ. ಅದಕ್ಕೆ ಮೂರು ಬೇಕು. ಮುಟ್ಟುವ ಕೈ, ನಿಲ್ಲದ ಕೂಲಿ, ಬೆನ್ನಿಗೆ ನಿಲ್ಲುವ ಕಾನೂನು. ಈ ಮೂರೂ ನಮ್ಮಲ್ಲಿ ಬೇರೆ ಬೇರೆ ಕಡೆ ಬಿಡಿ ಬಿಡಿಯಾಗಿ ಬಂದವು. ಒಂದೇ ಜಾಗದಲ್ಲಿ, ಒಬ್ಬ ಬಡ ರೋಗಿಗೆ, ಒಟ್ಟಿಗೆ ಇನ್ನೂ ಸಿಕ್ಕಿಲ್ಲ.

1. ಊರಾಚೆ

ಮಾಗಡಿ ರಸ್ತೆಯಲ್ಲಿ ಓಡಾಡೋರಿಗೆಲ್ಲ ಗೊತ್ತು. ಅಲ್ಲಿ ಸರ್ಕಾರಿ ಕುಷ್ಠರೋಗ ಆಸ್ಪತ್ರೆ ಇದೆ. ಅದೇ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಮುಂದೆ ಹೋದ್ರೆ ನಿರಾಶ್ರಿತರ ಪರಿಹಾರ ಕೇಂದ್ರ, ಜನ ಕರೆಯೋ ಹೆಸರು ಬೆಗ್ಗರ್ಸ್ ಕಾಲೊನಿ. ಅದರ ಹತ್ತಿರವೇ ಸುಮನಹಳ್ಳಿ. ಇವತ್ತು ಸುಮನಹಳ್ಳಿ ಅಂದ್ರೆ ಬಸ್ ಸ್ಟಾಪು, ಫ್ಲೈಓವರ್ರು, ಟ್ರಾಫಿಕ್ಕು. ಆ ಹೆಸರು ಯಾಕೆ ಬಂತು ಅಂತ ಕೇಳಿದ್ರೆ ಬಹಳ ಜನಕ್ಕೆ ಗೊತ್ತಿಲ್ಲ.

ಈ ಮೂರೂ ಒಂದೇ ದಿಕ್ಕಿನಲ್ಲಿ ಯಾಕಿವೆ? ಅವು ಬಂದ ಕಾಲಕ್ಕೆ ಅದು ಊರಾಚೆ. ನಗರ ತನಗೆ ಬೇಡವಾದವರನ್ನ ತನ್ನ ಗಡಿಗೆ ತಳ್ಳಿತು. ಆಮೇಲೆ ನಗರವೇ ಬೆಳೆದು ಅವರ ಸುತ್ತ ಬಂದು ನಿಂತಿತು. ಊರಾಚೆ ಇಡೋದು ಅಂದ್ರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಹೊಲಗೇರಿ, ಮಾದಿಗರ ಕೇರಿ ಎಲ್ಲಿರ್ತಿತ್ತು ಅಂತ ಯಾವ ಹಳ್ಳಿಗೆ ಬೇಕಾದ್ರೂ ಹೋಗಿ ನೋಡಿ. ಬೇರೆ ಬಾವಿ, ಬೇರೆ ಲೋಟ, ಬೇರೆ ಸುಡುಗಾಡು. ಕುಷ್ಠ ಬಂದೋರಿಗೂ ಅದೇ. ವ್ಯತ್ಯಾಸ ಒಂದೇ. ನಮಗೆ ಹುಟ್ಟಿದ ದಿನ ಆಗಿದ್ದು ಅವರಿಗೆ ರೋಗ ಗೊತ್ತಾದ ದಿನ ಆಗ್ತಿತ್ತು.

ಅದಕ್ಕೆ ಕೊಟ್ಟ ಕಾರಣವೂ ಒಂದೇ ಆಗಿತ್ತು, ಗಮನಿಸಿ. ಜಾತಿಯನ್ನೂ ಪೂರ್ವಜನ್ಮದ ಕರ್ಮ ಅಂದ್ರು. ಕುಷ್ಠವನ್ನೂ ಪೂರ್ವಜನ್ಮದ ಪಾಪ ಅಂದ್ರು. 'ಮಹಾರೋಗ', 'ದೊಡ್ಡ ರೋಗ' ಅಂತ ಹೆಸರು ಹಿಡಿಯೋಕೂ ಹೆದರಿದ್ರು. 1873ರಲ್ಲೇ ನಾರ್ವೆ ದೇಶದ ಡಾಕ್ಟರ್ ಹ್ಯಾನ್ಸೆನ್ ಇದು ಒಂದು ರೋಗಾಣುವಿಂದ ಬರೋ ಕಾಯಿಲೆ ಅಂತ ತೋರಿಸಿದ್ರು. ಪಾಪದಿಂದಲ್ಲ, ವಂಶದಿಂದಲ್ಲ. ಬಹುತೇಕ ಎಲ್ಲರ ಮೈಯಲ್ಲೂ ಈ ರೋಗಾಣುವನ್ನ ತಡೆಯೋ ಶಕ್ತಿ ಹುಟ್ಟಿನಿಂದಲೇ ಇರುತ್ತೆ, ಸುಲಭಕ್ಕೆ ಹರಡೋ ಕಾಯಿಲೆಯೇ ಅಲ್ಲ. ವಿಜ್ಞಾನ ಗೊತ್ತಾಗಿ ನೂರೈವತ್ತು ವರ್ಷ ಆದ್ರೂ ನಂಬಿಕೆ ಹೋಗಿಲ್ಲ. ಜಾತಿ ವಿಷಯದಲ್ಲೂ ಹಾಗೇ ಅಲ್ವಾ?

ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ಓದಿದೋರಿಗೆ ಸುಪ್ರಬುದ್ಧನ ಕಥೆ ನೆನಪಿರುತ್ತೆ. ಪಾಳಿ ಗ್ರಂಥದಲ್ಲಿರೋ ಕಥೆ ಅದು. ಸುಪ್ರಬುದ್ಧ ಒಬ್ಬ ಬಡ ಕುಷ್ಠರೋಗಿ. ದೂರದಲ್ಲಿ ಜನ ಸೇರಿರೋದು ಕಂಡು ಅಲ್ಲಿ ಊಟ ಹಾಕ್ತಿರಬೇಕು ಅಂತ ಬರ್ತಾನೆ. ಊಟ ಇಲ್ಲ, ಬುದ್ಧ ಮಾತಾಡ್ತಿದ್ದಾನೆ. ಇರಲಿ, ಕೇಳೋಣ ಅಂತ ಒಂದು ಪಕ್ಕದಲ್ಲಿ ಕೂರ್ತಾನೆ. ಅಷ್ಟು ದೊಡ್ಡ ಸಭೆಯಲ್ಲಿ ಬುದ್ಧ ಅವನನ್ನ ನೋಡಿ, ಇವನಿಗೆ ಅರ್ಥ ಮಾಡ್ಕೊಳ್ಳೋ ಶಕ್ತಿ ಇದೆ ಅಂತ ತಿಳ್ಕೊಂಡು, ಅವನಿಗಾಗಿಯೇ ಮಾತು ಶುರು ಮಾಡ್ತಾನೆ. ಬಾಬಾಸಾಹೇಬರು ಈ ಕಥೆಯನ್ನ ಜಾಡಮಾಲಿ ಸುನೀತ, ಕ್ಷೌರಿಕ ಉಪಾಲಿಯ ಕಥೆಗಳ ಜೊತೆಯಲ್ಲೇ ಇಟ್ಟರು. ರೋಗದ ಕಾರಣಕ್ಕೆ ದೂರ ಕೂತೋನೂ ಜಾತಿಯ ಕಾರಣಕ್ಕೆ ದೂರ ಕೂತೋನೂ ಅವರ ಕಣ್ಣಿಗೆ ಒಂದೇ ಸಾಲಿನವರು. ಅಲ್ಲಿ ಬುದ್ಧ ಅವನಿಗೆ ಮದ್ದು ಕೊಡಲಿಲ್ಲ. ದೂರ ಕೂತವನ ಕಡೆ ತಿರುಗಿ ಮಾತಾಡಿದ. ಆಪ್ತ ಸಮಾಲೋಚನೆ ಅಂದ್ರೆ ಮೊದಲು ಅಷ್ಟೇ.

2. ಕಾನೂನು ಹಿಡಿದಿದ್ದು ಯಾರನ್ನ?

1898ರಲ್ಲಿ ಬ್ರಿಟಿಷರು ಲೆಪರ್ಸ್ ಆ್ಯಕ್ಟ್ ತಂದ್ರು. ಬೀದಿಯಲ್ಲಿ ಭಿಕ್ಷೆ ಬೇಡುವ, ಜೀವನಕ್ಕೆ ದಾರಿ ಇಲ್ಲದ ಕುಷ್ಠರೋಗಿಯನ್ನ ಪೊಲೀಸರು ಹಿಡಿದು ಆಶ್ರಮಕ್ಕೆ ಹಾಕಬಹುದು ಅಂತ ಅದರಲ್ಲಿತ್ತು. ಸರಿಯಾಗಿ ಓದಿ. ಕುಷ್ಠರೋಗಿಯನ್ನಲ್ಲ, ಬಡ ಕುಷ್ಠರೋಗಿಯನ್ನ. ಮನೆ, ಜಮೀನು ಇದ್ದೋನು ರೋಗ ಇಟ್ಕೊಂಡು ಮನೇಲೇ ಇರಬಹುದಿತ್ತು. ಅಂದ್ರೆ ಕಾನೂನಿನ ಕಣ್ಣಲ್ಲಿ ಅಪರಾಧ ರೋಗ ಅಲ್ಲ, ಬಡತನ.

ಈ ಕಾಯ್ದೆ ಪುಸ್ತಕದಿಂದ ಹೋಗಿದ್ದು 2016ರಲ್ಲಿ. ಸ್ವಾತಂತ್ರ್ಯ ಬಂದು ಎಷ್ಟು ವರ್ಷ ಆಗಿತ್ತು ಅಂತ ನೀವೇ ಲೆಕ್ಕ ಹಾಕಿ. ಗಂಡನಿಗೋ ಹೆಂಡತಿಗೋ ಕುಷ್ಠ ಬಂದ್ರೆ ವಿಚ್ಛೇದನ ಕೊಡಬಹುದು ಅನ್ನೋ ಕಲಂ ಹಿಂದೂ ವಿವಾಹ ಕಾಯ್ದೆಯಿಂದ ಹೋಗಿದ್ದು 2019ರಲ್ಲಿ. ಒರಿಸ್ಸಾದಲ್ಲಿ ಕುಷ್ಠ ಇದ್ದೋರು ಪುರಸಭೆ ಸದಸ್ಯರಾಗೋ ಹಾಗಿಲ್ಲ ಅನ್ನೋ ಕಾನೂನನ್ನ 2008ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿತ್ತು. ಆ ಹೊತ್ತಿಗೆ ರೋಗ ಪೂರ್ತಿ ವಾಸಿ ಮಾಡೋ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗ್ತಿತ್ತು.

ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡೋರನ್ನ ಹಿಡಿದು ಪರಿಹಾರ ಕೇಂದ್ರಕ್ಕೆ ತರೋ ಕಾಯ್ದೆ. ನಾವು ಕಟ್ಟೋ ಆಸ್ತಿ ತೆರಿಗೆ ಜೊತೆ ಶೇಕಡ 3ರಷ್ಟು ಸೆಸ್ ಅದಕ್ಕೇ ಹೋಗುತ್ತೆ. ದುಡ್ಡು ಇತ್ತು, ಜಾಗ ಇತ್ತು, ಗೋಡೆ ಇತ್ತು. ಆದ್ರೂ 2010ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲು ಸಾಲು ಹೆಣ ಬಿತ್ತು. ಆಗ ಪೇಪರ್ ಓದಿದೋರಿಗೆ ಮರೆತಿರಲ್ಲ. ಮುಚ್ಚಿಡೋದು ಆರೈಕೆ ಅಲ್ಲ. ಇದು ಆ ಗೋಡೆ ಹೇಳಿದ ಪಾಠ.

3. ಮುಟ್ಟುವ ಕೈ, ಹೊಲಿಯುವ ಕೈ

ಅದೇ ಗೋಡೆಯ ಪಕ್ಕದಲ್ಲಿ ಇನ್ನೊಂದು ಕಥೆ ಶುರುವಾಯ್ತು. 1970ರ ದಶಕದ ಕೊನೆಯ ಭಾಗ. ದೇವರಾಜ ಅರಸು ಅವರ ಕಾಲ. ಅದೇ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿದ್ರು. ಅದೇ ದಶಕದಲ್ಲಿ ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಯಾರು ಯಾರನ್ನ ಮುಟ್ಟಬೇಕು, ಮುಟ್ಟಬಾರದು ಅನ್ನೋ ಪ್ರಶ್ನೆ ಇಡೀ ರಾಜ್ಯದಲ್ಲಿ ಎದ್ದಿದ್ದ ಕಾಲ ಅದು. ಬೀದಿಯಲ್ಲಿ ಭಿಕ್ಷೆ ಬೇಡ್ತಿದ್ದ ಕುಷ್ಠರೋಗಿಗಳಿಗೆ ಪುನರ್ವಸತಿ ಕಲ್ಪಿಸೋಕೆ ಸರ್ಕಾರ ಬೆಂಗಳೂರಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ ಅವರನ್ನ ಕೇಳಿ, ಮಾಗಡಿ ರಸ್ತೆಯಲ್ಲಿ ಅರವತ್ತು ಎಕರೆಗೂ ಹೆಚ್ಚು ಜಾಗ ಗುತ್ತಿಗೆಗೆ ಕೊಡ್ತು. ಅಲ್ಲಿ ಬಂದಿದ್ದೇ ಸುಮನಹಳ್ಳಿ. ಒಳ್ಳೇ ಮನಸ್ಸಿನವರ ಹಳ್ಳಿ ಅಂತ ಅರ್ಥ.

ನಾನು ಬೌದ್ಧ. ಚರ್ಚಿನ ಪರ ವಕಾಲತ್ತು ಮಾಡೋಕೆ ಇದನ್ನ ಬರೀತಿಲ್ಲ. ಆದ್ರೆ ಅಲ್ಲಿ ನಡೆದ ಕೆಲಸದ ರೀತಿ ನೋಡಬೇಕು. ಗಾಯಕ್ಕೆ ಬ್ಯಾಂಡೇಜು ಕಟ್ಟೋದಷ್ಟೇ ಅಲ್ಲ, ಚರ್ಮದ ಕೆಲಸ ಕಲಿಸಿದ್ರು, ಹೊಲಿಗೆ ಕಲಿಸಿದ್ರು, ಇರೋಕೆ ಮನೆ, ಮಕ್ಕಳಿಗೆ ಓದು. ಆಮೇಲೆ ಎಚ್‌ಐವಿ ಇರೋರಿಗೂ ಬಾಗಿಲು ತೆರೆದ್ರು. ಮೊನ್ನೆ ತನಕ ಕೈ ಚಾಚ್ತಿದ್ದ ಮನುಷ್ಯ ಅದೇ ಕೈಯಲ್ಲಿ ಬ್ಯಾಗು ಹೊಲಿದು ಮಾರಿದ. ಮನಸ್ಸಿಗೆ ಧೈರ್ಯ ತುಂಬೋದು ಅಂದ್ರೆ ಬರೀ ಮಾತಲ್ಲ, ಕೆಲಸವೂ ಹೌದು.

ಇಲ್ಲಿ ಚಪ್ಪಲಿಯ ವಿಷಯ ಹೇಳಲೇಬೇಕು. ಕುಷ್ಠ ಬಂದ್ರೆ ಬೆರಳು ಕೊಳೆತು ಉದುರುತ್ತೆ ಅಂತ ಜನ ನಂಬಿದ್ರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಯಿಂದ ಕೆಲಸ ಮಾಡಿದ ಡಾಕ್ಟರ್ ಪಾಲ್ ಬ್ರಾಂಡ್ ನಿಜ ಏನು ಅಂತ ತೋರಿಸಿದ್ರು. ನರ ಸತ್ತು ಸ್ಪರ್ಶ ಹೋಗುತ್ತೆ. ಮುಳ್ಳು ಚುಚ್ಚಿದ್ರೂ, ಬಿಸಿ ಪಾತ್ರೆ ಸುಟ್ಟರೂ, ಚಪ್ಪಲಿ ಕಚ್ಚಿದ್ರೂ ನೋವಾಗಲ್ಲ. ನೋವಿಲ್ಲ ಅಂತ ನೋಡ್ಕೊಳ್ಳಲ್ಲ. ಗಾಯ ಕೀವಾಗುತ್ತೆ, ಮೂಳೆ ತಿನ್ನುತ್ತೆ, ಬೆರಳು ಹೋಗುತ್ತೆ. ಅಂದ್ರೆ ಬೆರಳು ತೆಗೆಯೋದು ರೋಗಾಣು ಅಲ್ಲ, ಹೇಳದೇ ಉಳಿದ ಮಾತು. ರಾತ್ರಿ ಮಲಗೋ ಮುಂಚೆ ಪಾದ ತಿರುಗಿಸಿ ನೋಡು, ಬಿಸಿ ಪಾತ್ರೆಯನ್ನ ಬಟ್ಟೆ ಇಲ್ಲದೆ ಹಿಡೀಬೇಡ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಹಾಕು. ಈ ಮೂರು ಮಾತು ಮೊದಲ ದಿನವೇ ಹೇಳಿ, ಅರ್ಥ ಆಯ್ತಾ ಅಂತ ಕೇಳಿದ್ರೆ ಕಾಲು ಉಳಿಯುತ್ತೆ.

ಈಗ ಶುಗರ್ ವಿಷಯಕ್ಕೆ ಬನ್ನಿ. ಶುಗರ್ ಇದ್ದೋರ ಪಾದದಲ್ಲೂ ಆಗೋದು ಇದೇ. ನರ ಜೋಮು, ಗೊತ್ತಾಗದ ಗಾಯ, ಕೊನೆಗೆ ಕತ್ತರಿಸೋದು. ಕುಷ್ಠರೋಗಿಗೆ ಅಂತ ಮಾಡಿದ ಅದೇ ಎಂಸಿಆರ್ ಚಪ್ಪಲಿಯನ್ನ ಈಗ ಡಾಕ್ಟರುಗಳು ಶುಗರ್ ಇರೋರಿಗೆ ಬರ್ಕೊಡ್ತಾರೆ. ಮುಟ್ಟಿಸ್ಕೊಳ್ಳದವರಿಗಾಗಿ ಕಂಡುಹಿಡಿದಿದ್ದು ಈಗ ಬಸವೇಶ್ವರನಗರದ ದೊಡ್ಡ ಮನೆಯವರ ಕಾಲನ್ನೂ ಕಾಪಾಡ್ತಿದೆ. ಚಪ್ಪಲಿ ಹೊಲಿದ ಕೈಯನ್ನ ಸಾವಿರಾರು ವರ್ಷ ದೂರ ಇಟ್ಟ ಸಮಾಜಕ್ಕೆ ಇದಕ್ಕಿಂತ ಉತ್ತರ ಬೇಕಾ?

4. 'ನಿಮ್ಮ ಜನ ಆಸ್ಪತ್ರೆಗೆ ಬರಲ್ಲ' ಅನ್ನೋ ಸುಳ್ಳು

ಒಂದು ಮಾತು ನಾವು ಯಾವಾಗಲೂ ಕೇಳ್ತೀವಿ. ಬಡವರಿಗೆ ತಿಳಿವಳಿಕೆ ಇಲ್ಲ, ರೋಗ ಬಲಿತ ಮೇಲೆ ಬರ್ತಾರೆ ಅಂತ. ಇದನ್ನ ಅರವತ್ತು ವರ್ಷದ ಹಿಂದೆಯೇ ಬೆಂಗಳೂರಿನ ಸಂಸ್ಥೆಯೊಂದು ಸುಳ್ಳು ಅಂತ ತೋರಿಸಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದೋರನ್ನ ಹುಡುಕಿ ಮಾತಾಡಿಸಿದ್ರು. 1963ರಲ್ಲಿ ವರದಿ ಪ್ರಕಟ ಆಯ್ತು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಮುಕ್ಕಾಲು ಪಾಲು ಜನಕ್ಕೆ ಚಿಂತೆ ಹತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡ್ಕೊಂಡು ಹೋಗಿದ್ರು. ಆಸ್ಪತ್ರೆಗೆ ಹೋದವರಿಗೆ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ರು.

ಜನ ಬಂದಿದ್ರು. ವ್ಯವಸ್ಥೆ ಅವರ ಮಾತು ಕೇಳಲಿಲ್ಲ. ದೇಶದ ಟಿಬಿ ಕಾರ್ಯಕ್ರಮ ದೊಡ್ಡ ಸ್ಯಾನಟೋರಿಯಂಗಳನ್ನ ಬಿಟ್ಟು ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೀಬೇಕು ಅನ್ನೋ ವಾದಕ್ಕೆ ಈ ಅಧ್ಯಯನ ಬಲ ಕೊಡ್ತು. ಆದ್ರೆ ಆ 'ಚಿಂತೆ'ಗೆ ಯಾರು ಉತ್ತರ ಕೊಡಬೇಕು ಅನ್ನೋ ಪ್ರಶ್ನೆ ಹಾಗೇ ಉಳೀತು. ಈಗ ಟಿಬಿ ಬಂದೋರಿಗೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ ಹಣ ಬರುತ್ತೆ. 2018ರಲ್ಲಿ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಒಳ್ಳೇದು. ಆದ್ರೆ ಕೆಮ್ಮಿದ್ರೆ ಮನೆ ಖಾಲಿ ಮಾಡಿಸ್ತಾರೆ ಅನ್ನೋ ಭಯಕ್ಕೆ 1,000 ರೂಪಾಯಿ ಏನು ಮಾಡುತ್ತೆ?

5. ನಿಲ್ಲದ ಕೂಲಿ: ರಾಜಾಜಿನಗರದ ಇಎಸ್‌ಐ

ಭಯದ ಬೇರು ಬಹಳ ಸಲ ಕೂಲಿಯಲ್ಲಿ ಇರುತ್ತೆ. ಕಾಯಿಲೆ ಗೊತ್ತಾದ ದಿನ ಬಡವ ಕೇಳೋ ಮೊದಲ ಪ್ರಶ್ನೆ 'ನಾನು ಬದುಕ್ತೀನಾ' ಅಂತಲ್ಲ, 'ನಾಳೆ ರಜೆ ಹಾಕಿದ್ರೆ ಸಂಬಳ ಕಟ್ ಆಗುತ್ತಾ' ಅಂತ. ಈ ಪ್ರಶ್ನೆಗೆ ಉತ್ತರ ಕೊಡೋಕೆ ಹೊರಟ ಕಾನೂನಿನ ಹಿಂದೆ ನಮ್ಮವರೇ ಇದ್ರು ಅನ್ನೋದು ನಮ್ಮ ಎಷ್ಟು ಜನಕ್ಕೆ ಗೊತ್ತು?

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ತಿದ್ರು. ಆ ಅವಧಿಯಲ್ಲೇ, 1943ರ ಮಾರ್ಚ್‌ನಲ್ಲಿ, ಕಾರ್ಖಾನೆ ಕಾರ್ಮಿಕರಿಗೆ ಆರೋಗ್ಯ ವಿಮೆ ಹೇಗೆ ಕೊಡೋದು ಅಂತ ಯೋಜನೆ ಮಾಡೋಕೆ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರನ್ನ ಸರ್ಕಾರ ನೇಮಿಸಿತು. 1944ರಲ್ಲಿ ವರದಿ ಬಂತು. 1948ರ ಏಪ್ರಿಲ್ 19ಕ್ಕೆ ಅದು ಇಎಸ್‌ಐ ಕಾಯ್ದೆ ಆದಾಗ ಕಾರ್ಮಿಕ ಮಂತ್ರಿ ಬಾಬು ಜಗಜೀವನ್ ರಾಂ. ಒಬ್ಬ ದಲಿತ ನಾಯಕರ ಖಾತೆಯಲ್ಲಿ ಬೀಜ ಬಿತ್ತು, ಇನ್ನೊಬ್ಬ ದಲಿತ ನಾಯಕರ ಕಾಲದಲ್ಲಿ ಗಿಡ ಆಯ್ತು.

ಅದೇ ವಾರದ ಇನ್ನೊಂದು ಸಂಗತಿ ನೋಡಿ. ಏಪ್ರಿಲ್ 15ಕ್ಕೆ ಬಾಬಾಸಾಹೇಬರು ಡಾಕ್ಟರ್ ಶಾರದಾ ಕಬೀರ್ ಅವರನ್ನ ಮದುವೆ ಆದ್ರು. ಅವರೇ ಆಮೇಲೆ ಸವಿತಾ ಅಂಬೇಡ್ಕರ್. ಬಾಬಾಸಾಹೇಬರಿಗೆ ಶುಗರ್ ಇತ್ತು. ಕಾಲಿನ ನರಗಳ ನೋವು, ನಿದ್ದೆ ಬಾರದ ರಾತ್ರಿ. ಸಂವಿಧಾನ ಬರೀತಾ ಇದ್ದ ದಿನಗಳಲ್ಲೇ ಈ ಕಾಯಿಲೆಯ ಜೊತೆಯೂ ಹೋರಾಟ. ಮುಂಬೈನ ಡಾಕ್ಟರ್ ಮಾವಳಂಕರ್ ಕ್ಲಿನಿಕ್‌ನಲ್ಲಿ ಸವಿತಾ ಅವರ ಪರಿಚಯ ಆಗಿದ್ದು. 'ಬುದ್ಧ ಮತ್ತು ಅವನ ಧಮ್ಮ' ಪುಸ್ತಕಕ್ಕೆ ಬರೆದ, ಮೊದಲ ಮುದ್ರಣದಲ್ಲಿ ಸೇರದೇ ಹೋದ ಮುನ್ನುಡಿಯಲ್ಲಿ, ತಾನು ಆರಿಹೋಗೋ ಸ್ಥಿತಿಯಲ್ಲಿದ್ದಾಗ ಉಳಿಸಿದ್ದು ಹೆಂಡತಿ ಮತ್ತು ಆ ಡಾಕ್ಟರು ಅಂತ ಬಾಬಾಸಾಹೇಬರು ಕೃತಜ್ಞತೆಯಿಂದ ನೆನೆದಿದ್ದಾರೆ. ನಾವು ಅವರ ಫೋಟೊಗೆ ಹಾರ ಹಾಕ್ತೀವಿ, ಇನ್ಸುಲಿನ್ ಚುಚ್ಚಿಸ್ಕೊಳ್ತಿದ್ದ ಬಾಬಾಸಾಹೇಬರನ್ನ ನೆನೆಯಲ್ಲ. ಕಾಯಿಲೆಯನ್ನ ಮುಚ್ಚಿಡದೆ, ಆಸರೆ ಪಡೆಯೋದಕ್ಕೆ ನಾಚದೆ, ಕೆಲಸ ನಿಲ್ಲಿಸದೆ ಬದುಕಿದ್ದು ಕೂಡ ಅವರು ನಮಗೆ ಬಿಟ್ಟುಹೋದ ಪಾಠ.

ಕರ್ನಾಟಕಕ್ಕೆ ಇಎಸ್‌ಐ ಬಂದಿದ್ದು 1958ರಲ್ಲಿ, ಬೆಂಗಳೂರಿನಿಂದಲೇ ಶುರು. ಆಗ ಮಾಗಡಿ ರಸ್ತೆ ಕಡೆ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು. 1949ರಲ್ಲಿ ಅಡಿಗಲ್ಲು ಬಿದ್ದ ರಾಜಾಜಿನಗರದಲ್ಲಿ ಸಣ್ಣ ಕಾರ್ಖಾನೆಗಳ ಸಾಲು. ಆ ಕಾರ್ಮಿಕರಿಗೆ ಆಸರೆಯಾಗಿ ನಿಂತಿದ್ದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆ. ಇವತ್ತು ಮೆಡಿಕಲ್ ಕಾಲೇಜೂ ಆಗಿದೆ.

ಅದರಲ್ಲಿರೋ ಹಕ್ಕು ಬರ್ಕೊಳ್ಳಿ. ಹುಷಾರಿಲ್ಲ ಅಂದ್ರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡ 70. ದೀರ್ಘ ಕಾಲದ ಕಾಯಿಲೆಗಳಿಗೆ ಬೇರೆ ಪಟ್ಟಿಯೇ ಇದೆ, 34 ಕಾಯಿಲೆಗಳು. ಟಿಬಿ, ಕುಷ್ಠ, ಕ್ಯಾನ್ಸರ್, ಏಡ್ಸ್, ಕಿಡ್ನಿ ವೈಫಲ್ಯ, ಪಾದಕ್ಕೆ ಕಣ್ಣಿಗೆ ಏರಿದ ಶುಗರ್, ಕೆಲವು ಮಾನಸಿಕ ಕಾಯಿಲೆ. ಎರಡು ವರ್ಷದ ಸರ್ವಿಸು, ಬೇಕಾದಷ್ಟು ವಂತಿಗೆ ಇದ್ದೋರಿಗೆ ಇವುಗಳಲ್ಲಿ ಕೂಲಿಯ ಶೇಕಡ 80, ಎರಡು ವರ್ಷದವರೆಗೂ ಸಿಗಬಹುದು. ಈ ಅನಾರೋಗ್ಯ ಭತ್ಯೆ ಪಡೀತಿರೋ ಕಾರ್ಮಿಕರನ್ನ ಆ ಅವಧಿಯಲ್ಲಿ ಕೆಲಸದಿಂದ ತೆಗೀಬಾರದು ಅಂತ 1948ರ ಕಾಯ್ದೆಯ 73ನೇ ಕಲಂ ಹೇಳಿತು. ಇದೂ ಮನೋಸಾಮಾಜಿಕ ಬೆಂಬಲವೇ. ಸಂಬಳ ನಿಲ್ಲಲ್ಲ ಅಂತ ಗೊತ್ತಾದ್ರೆ ಅರ್ಧ ಭಯ ಅಲ್ಲೇ ಇಳಿಯುತ್ತೆ.

ಆದ್ರೆ ಯಾರಿಗೆ? ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳ, ದಾಖಲೆಯಲ್ಲಿ ಹೆಸರು ಇದ್ದೋರಿಗೆ. ಹೊಲದ ಕೂಲಿ, ಮನೆಗೆಲಸ, ಗಾರೆ ಕೆಲಸದಲ್ಲಿರೋ ನಮ್ಮ ಬಹುಪಾಲು ಜನ ಮೊದಲಿಂದಲೂ ಈ ಛತ್ರಿ ಹೊರಗೆ. ಛತ್ರಿ ಒಳಗಿರೋ ಕಂಟ್ರ್ಯಾಕ್ಟ್ ನೌಕರರ ಕಥೆ ಇನ್ನೊಂದು ಥರ.

ನಾನೊಬ್ಬ ಗುಮಾಸ್ತ. ರಜೆ ಅರ್ಜಿ, ಮೆಡಿಕಲ್ ಬಿಲ್ಲಿನ ಫೈಲು ನನ್ನ ಟೇಬಲ್ ಮೇಲೇ ಓಡಾಡೋದು. ಕಾಯಂ ನೌಕರರಿಗೆ ಬಿಪಿ ಬಂದ್ರೂ ಫೈಲು ತೆರೆಯುತ್ತೆ. ಅದೇ ಕಟ್ಟಡ ಗುಡಿಸ್ತಿದ್ದ ಒಬ್ಬ ಅಕ್ಕನಿಗೆ ಶುಗರ್ ಅಂತ ಗೊತ್ತಾಗಿ ವರ್ಷ ಆಗಿದ್ರೂ ಆಕೆ ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಕಂಟ್ರ್ಯಾಕ್ಟರ್ ಬಿಡಿಸಿ ಬೇರೆಯವರನ್ನ ಹಾಕ್ತಾನೆ ಅನ್ನೋ ಭಯ. ತೋರಿಸ್ಕೊಂಡ ಕಡೆ "ಸಿಹಿ ತಿನ್ನಬೇಡ, ಮಾತ್ರೆ ಬಿಡಬೇಡ" ಅಂದಿದ್ರಂತೆ. ಕಾಲು ನೋಡ್ಕೋ ಅಂತ ಯಾರೂ ಹೇಳಿರಲಿಲ್ಲ. ನೀರಲ್ಲಿ ನಿಂತು ನೆಲ ಒರೆಸೋ ಕೆಲಸ, ಸವೆದ ಹವಾಯಿ ಚಪ್ಪಲಿ. ಹೆಬ್ಬೆರಳ ಕೆಳಗಿನ ಗಾಯ ಆಕೆಗೆ ಗೊತ್ತಾಗಿದ್ದು ವಾಸನೆ ಬಂದಾಗ. ಎರಡು ಬೆರಳು ತೆಗೆದ್ರು. ನಾವು ಕೆಲವರು ಸೇರಿ ಕಾಗದ ಪತ್ರ ನೋಡಿದಾಗ ಪ್ರತಿ ತಿಂಗಳೂ ಆಕೆ ಸಂಬಳದಲ್ಲಿ ಇಎಸ್‌ಐಗೆ ಅಂತ ಹಣ ಮುರ್ಕೊಂಡಿರೋದು ಕಾಣ್ತು. "ಅಣ್ಣ, ಅದು ಏನೋ ಪಿಎಫ್ ಅಂದ್ಕೊಂಡಿದ್ದೆ" ಅಂದ್ರು ಆಕೆ. ಹಕ್ಕು ಇತ್ತು. ಆ ಹಕ್ಕು ಇದೆ ಅಂತ ಹೇಳೋ ಒಬ್ಬ ಮನುಷ್ಯ ಇರಲಿಲ್ಲ. ಆ ಎರಡು ಬೆರಳು ಹೋಗಿದ್ದು ಶುಗರಿನಿಂದ ಅಂತ ನಾನು ಒಪ್ಪಲ್ಲ.

6. ಬೆನ್ನಿಗೆ ನಿಲ್ಲುವ ಕಾನೂನು

ಹಾಗಾದ್ರೆ ಮೊದಲ ದಿನ ಒಬ್ಬ ಮನುಷ್ಯ ಪಕ್ಕದಲ್ಲಿ ಕೂರಲೇಬೇಕು ಅಂತ ಕಾನೂನು ಹೇಳೋ ಕಾಯಿಲೆ ಯಾವುದಾದ್ರೂ ಇದೆಯಾ? ಇದೆ. ಎಚ್‌ಐವಿ.

ಅದು ಸುಮ್ಮನೆ ಬರಲಿಲ್ಲ. 1986ರಲ್ಲಿ ಚೆನ್ನೈನಲ್ಲಿ ಡಾಕ್ಟರ್ ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನ ಪತ್ತೆ ಹಚ್ಚಿದ್ರು. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ಅನ್ನೋ ಯುವಕನನ್ನ, ಆತ ಕೊಟ್ಟ ರಕ್ತದಲ್ಲಿ ಎಚ್‌ಐವಿ ಕಂಡ ಕಾರಣಕ್ಕೆ, ಪೊಲೀಸರು ಕರ್ಕೊಂಡು ಹೋಗಿ ಹಳೇ ಟಿಬಿ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದ್ರು. ಮತ್ತೆ ಅದೇ ಗೋಡೆ. 1898ರ ಬುದ್ಧಿ 1989ರಲ್ಲೂ ಬದಲಾಗಿರಲಿಲ್ಲ. ಆದ್ರೆ ಆತ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದ. ಆಮೇಲೆ ದೇಶದುದ್ದಕ್ಕೂ ಎಚ್‌ಐವಿ ಇರೋರು ಸಂಘ ಕಟ್ಟಿದ್ರು, ಮುಖ ಮುಚ್ಕೊಳ್ಳದೆ ವೇದಿಕೆ ಹತ್ತಿದ್ರು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಕೂತು ಮಾತಾಡೋ ಆಪ್ತ ಸಮಾಲೋಚಕರು ಬಂದ್ರು. 2004ರ ಏಪ್ರಿಲ್‌ನಿಂದ ಉಚಿತ ಎಆರ್‌ಟಿ ಮಾತ್ರೆ ಶುರುವಾಯ್ತು. ಕೊನೆಗೆ 2017ರಲ್ಲಿ ಎಚ್‌ಐವಿ ಕಾಯ್ದೆ ಬಂತು, 2018ರ ಸೆಪ್ಟೆಂಬರ್ 10ಕ್ಕೆ ಜಾರಿ ಆಯ್ತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ. ಆಪ್ತ ಸಮಾಲೋಚನೆ ಕೊಡಲೇಬೇಕು. ಗುಟ್ಟು ಕಾಪಾಡಬೇಕು. ಕೆಲಸ, ಶಾಲೆ, ಬಾಡಿಗೆ ಮನೆಯಲ್ಲಿ ಭೇದ ಮಾಡಬಾರದು.

ಇದನ್ನ ಕುಷ್ಠದ ಕಥೆ ಜೊತೆ ಇಟ್ಟು ನೋಡಿ. ಕುಷ್ಠಕ್ಕೆ 1980ರ ದಶಕದಲ್ಲೇ ಒಳ್ಳೇ ಮದ್ದು ಬಂತು. ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ತಗೊಂಡ್ರೆ ಪೂರ್ತಿ ವಾಸಿ. ಮಾತ್ರೆ ಶುರು ಮಾಡಿದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡೋದು ನಿಲ್ಲುತ್ತೆ. 2005ರ ಡಿಸೆಂಬರ್ ಹೊತ್ತಿಗೆ ಹತ್ತು ಸಾವಿರ ಜನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಅಂತ ಲೆಕ್ಕ ತೋರಿಸಿ 'ನಿರ್ಮೂಲನೆ' ಘೋಷಣೆ ಆಯ್ತು. ಕುಷ್ಠಕ್ಕೇ ಅಂತ ಇದ್ದ ಸಿಬ್ಬಂದಿ ಸಾಮಾನ್ಯ ಆರೋಗ್ಯ ಸೇವೆಯಲ್ಲಿ ಸೇರಿಹೋದ್ರು. ಆದ್ರೆ ಇವತ್ತಿಗೂ ದೇಶದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ಪ್ರಕರಣ ಸಿಗ್ತಿವೆ, ಜಗತ್ತಿನ ಅರ್ಧಕ್ಕಿಂತ ಹೆಚ್ಚು. ಆ ಮಾತ್ರೆಗಳಲ್ಲಿ ಕ್ಲೊಫಾಜಿಮಿನ್ ಅಂತ ಒಂದಿದೆ. ಅದು ಚರ್ಮವನ್ನ ಕಪ್ಪು ಮಾಡುತ್ತೆ, ಮಾತ್ರೆ ನಿಲ್ಲಿಸಿದ ಮೇಲೆ ನಿಧಾನಕ್ಕೆ ಸರಿ ಹೋಗುತ್ತೆ. ಇದನ್ನ ಮೊದಲೇ ಹೇಳದೆ ಇದ್ರೆ ಏನಾಗುತ್ತೆ? ಅಕ್ಕಪಕ್ಕದವರು "ಯಾಕೆ ಹಿಂಗಾಗಿದ್ದೀಯ" ಅಂತ ಕೇಳ್ತಾರೆ, ರೋಗಿ ಮಾತ್ರೆ ಬಿಡ್ತಾನೆ. ಮದ್ದು ಇದೆ, ಮಾತಿಲ್ಲ. ಎಚ್‌ಐವಿಗೆ ವಾಸಿ ಆಗೋ ಮದ್ದಿಲ್ಲ, ಮಾತಿಗೆ ಕಾನೂನಿದೆ. ಸಂಘ ಕಟ್ಟಿ ಗಟ್ಟಿಯಾಗಿ ಕೇಳಿದೋರಿಗೆ ಕಾನೂನು ಸಿಕ್ತು. ಊರಾಚೆ ಚದುರಿದೋರಿಗೆ ಕರುಣೆ ಸಿಕ್ತು. ಕರುಣೆ ಕೊಟ್ಟೋರು ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು, ಹಕ್ಕನ್ನ ಹಾಗೆ ತಗೊಳ್ಳೋಕೆ ಆಗಲ್ಲ.

7. ನಾವು ಕೇಳಬೇಕಾದ್ದು

ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಡೆಯ ಗಾರ್ಮೆಂಟ್ಸು, ಪೌರಕಾರ್ಮಿಕರ ಕಾಲೊನಿ, ಮನೆಗೆಲಸದ ಹೆಣ್ಣುಮಕ್ಕಳು. ಈ ವಾರವೂ ಇವರಲ್ಲಿ ಯಾರದೋ ಕೈಗೆ ಒಂದು ರಿಪೋರ್ಟ್ ಬಂದಿರುತ್ತೆ. ಅವರಿಗಾಗಿ ನಮ್ಮ ಬೇಡಿಕೆ ಇಷ್ಟು.

ಒಂದು, ಎಚ್‌ಐವಿಗೆ ಇರೋ ಹಾಗೆ ಎಲ್ಲ ದೀರ್ಘಕಾಲದ ಕಾಯಿಲೆಗೂ ಮೊದಲ ದಿನದ ಆಪ್ತ ಸಮಾಲೋಚನೆ ಸರ್ಕಾರಿ ಆಸ್ಪತ್ರೆಯಲ್ಲಿ ಕಡ್ಡಾಯ ಆಗಬೇಕು. ಕನ್ನಡದಲ್ಲಿ, ನಮ್ಮ ಮಾತಲ್ಲಿ, ಬಾಗಿಲು ಹಾಕಿರೋ ರೂಮಲ್ಲಿ. ನಲವತ್ತು ಜನದ ಕ್ಯೂ ಮುಂದೆ ಅಲ್ಲ.

ಎರಡು, ಆ ಸಮಾಲೋಚಕರ ಕೆಲಸದಲ್ಲಿ ಕೂಲಿಯೂ ಸೇರಬೇಕು. ಇಎಸ್‌ಐ ಇದೆಯಾ, ಯಾವ ಭತ್ಯೆ ಬರುತ್ತೆ, ಅರ್ಜಿ ಎಲ್ಲಿ ಕೊಡಬೇಕು ಅಂತ ಅದೇ ದಿನ ಹೇಳಿ ಬರ್ಕೊಡಬೇಕು. ಸಮಾಧಾನದ ಜೊತೆ ಅರ್ಜಿ ಫಾರಂ ಕೂಡ ಇರಲಿ.

ಮೂರು, ಅದೇ ಕಾಯಿಲೆಯ ಜೊತೆ ಬದುಕಿ ಗೆದ್ದೋರನ್ನ ಈ ಕೆಲಸಕ್ಕೆ ಸಂಬಳ ಕೊಟ್ಟು ನೇಮಿಸಬೇಕು. ಶುಗರ್ ಇರೋ ಪೌರಕಾರ್ಮಿಕರಿಗೆ ಶುಗರ್ ಇರೋ ಇನ್ನೊಬ್ಬ ಪೌರಕಾರ್ಮಿಕರು ಹೇಳಿದ್ರೆ ಆಗೋ ಧೈರ್ಯ ಬೇರೆ.

ನಾಲ್ಕು, ಜಗಜೀವನ್ ರಾಂ ಅವರ ಹೆಸರಲ್ಲೇ ಇರೋ ನಮ್ಮ ಲಿಡ್ಕರ್ ನಿಗಮ ಎಂಸಿಆರ್ ಚಪ್ಪಲಿ ತಯಾರಿಸಿ ಪೌರಕಾರ್ಮಿಕರಿಗೂ ಶುಗರ್, ಕುಷ್ಠ ಇರೋರಿಗೂ ಉಚಿತವಾಗಿ ಕೊಡೋ ಹಾಗೆ ಸರ್ಕಾರ ಮಾಡಲಿ. ನಮ್ಮ ಕಸುಬುದಾರರಿಗೆ ಕೆಲಸ, ನಮ್ಮ ಜನಕ್ಕೆ ಕಾಲು.

ಸರ್ಕಾರ ಮಾಡೋವರೆಗೆ ನಾವು ಕೈ ಕಟ್ಟಿ ಕೂರೋದು ಬೇಡ. ಪ್ರತಿ ಕಾಲೊನಿಯ ಅಂಬೇಡ್ಕರ್ ಸಂಘ ತಿಂಗಳಿಗೆ ಒಂದು ಭಾನುವಾರ ಇದಕ್ಕೆ ಮೀಸಲಿಡಲಿ. ಹೊಸದಾಗಿ ಕಾಯಿಲೆ ಗೊತ್ತಾದೋರ ಮನೆಗೆ ಇಬ್ಬರು ಹೋಗಿ, ಅವರ ಲೋಟದಲ್ಲೇ ಟೀ ಕುಡಿದು ಬರಲಿ. ಮನಸ್ಸು ತೀರಾ ಕುಸಿದೋರಿಗೆ ಸರ್ಕಾರದ ಟೆಲಿ-ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎಚ್‌ಐವಿ ವಿಷಯಕ್ಕೆ 1097. ಎರಡೂ ನಂಬರ್ ನಿಮ್ಮ ಸಂಘದ ಬೋರ್ಡಿನ ಮೇಲೆ ಬರೆಸಿ.

ನಿಮ್ಮ ಏರಿಯಾದ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕರು ಇದ್ದಾರಾ, ಇದ್ರೆ ಯಾವ ಕಾಯಿಲೆಗೆ, ಯಾವ ದಿನ ಅಂತ ವಿಚಾರಿಸಿ ಕೆಳಗೆ ಬರೀರಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಆರೋಗ್ಯ ಇಲಾಖೆಗೆ ಮನವಿ ಕೊಡೋಣ. ರೋಗಿಯ ಹೆಸರು ಮಾತ್ರ ಯಾರೂ ಬರೀಬೇಡಿ.

ಜೈ ಭೀಮ್.